ಬರದ ಲೆಕ್ಕಕ್ಕೆ ಸಿಗದ ಹಸಿವು: ನೀರಿಲ್ಲದ ತೊಗರಿಗೆ ಗೊಬ್ಬರವೂ ದಕ್ಕದು

ಬೇಳೆಕಾಳಿನಲ್ಲಿ ದೇಶ ಸ್ವಾವಲಂಬಿಯಾಗಬೇಕೆಂಬ ಗುರಿಯೊಡನೆ ಕೇಂದ್ರ ಸರ್ಕಾರ 2025ರ ಅಕ್ಟೋಬರ್‌ನಲ್ಲಿ 11,440 ಕೋಟಿ ರೂಪಾಯಿ ವೆಚ್ಚದ ಆರು ವರ್ಷಗಳ ಯೋಜನೆಗೆ ಚಾಲನೆ ನೀಡಿತು. ತೊಗರಿ, ಉದ್ದು ಮತ್ತು ಮಸೂರ್ ಈ ಯೋಜನೆಯ ಮುಖ್ಯ ಬೆಳೆಗಳು. 2030-31ರ ವೇಳೆಗೆ ಬೇಳೆಕಾಳಿನ ವಾರ್ಷಿಕ ಉತ್ಪಾದನೆಯನ್ನು 350 ಲಕ್ಷ ಟನ್‌ಗೆ ಏರಿಸಬೇಕೆಂಬುದು ಸಂಕಲ್ಪ. ಉತ್ತಮ ಬೀಜ, ಹೆಚ್ಚಿನ ಬಿತ್ತನೆ ಪ್ರದೇಶ ಮತ್ತು ಬೆಂಬಲ ಬೆಲೆಯಲ್ಲಿ ಖರೀದಿ ಈ ಗುರಿ ಮುಟ್ಟಲು ಆರಿಸಿಕೊಂಡಿರುವ ಹಾದಿಗಳು.

ಹಾದಿ ಸರಿಯಾಗಿಯೇ ಇದೆ. ಆದರೆ ದೇಶದ ಬೇಳೆಕಾಳಿನ ಬಹುಪಾಲು ಬೆಳೆಯುವುದು ಮಳೆಯನ್ನೇ ನಂಬಿದ ಹೊಲಗಳಲ್ಲಿ. ತೊಗರಿಯ ಕಣಜವೆಂದು ಹೆಸರಾದ, 2019ರಲ್ಲಿ ತನ್ನ ತೊಗರಿ ಬೇಳೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಕಲಬುರಗಿ ಜಿಲ್ಲೆಯೂ ಇದಕ್ಕೆ ಹೊರತಲ್ಲ. ಮಳೆ ಕೈಕೊಟ್ಟಾಗ ಗಿಡ ಬಾಯಾರುತ್ತದೆ ಎಂಬುದು ಎಲ್ಲರಿಗೂ ತಿಳಿದ ಸಂಗತಿ. ಆದರೆ ಬಾಯಾರಿದ ಗಿಡ ಹಸಿದೂ ಇರುತ್ತದೆ. ಮಣ್ಣಿನಲ್ಲಿ ಗೊಬ್ಬರವಿದ್ದೂ ಅದು ಬೇರಿಗೆ ದಕ್ಕುವುದಿಲ್ಲ. ಬರ ನಿರ್ವಹಣೆಯ ನಮ್ಮ ಲೆಕ್ಕದಲ್ಲಿ ಈ ಹಸಿವಿಗೆ ಸ್ಥಾನವೇ ಇಲ್ಲ.

ನೀರು ಕೆಳಗೆ, ಆಹಾರ ಮೇಲೆ

ಗಿಡ ಮಣ್ಣನ್ನು ತಿನ್ನುವುದಿಲ್ಲ. ಮಣ್ಣಿನ ನೀರಿನಲ್ಲಿ ಕರಗಿದ್ದನ್ನು ಮಾತ್ರ ಹೀರುತ್ತದೆ. ಪೋಷಕಾಂಶಗಳು ಬೇರನ್ನು ತಲುಪಲು ಮುಖ್ಯವಾಗಿ ಎರಡು ದಾರಿಗಳಿವೆ. ಎಲೆಗಳಿಂದ ನೀರು ಆವಿಯಾಗುತ್ತಿದ್ದಂತೆ ಬೇರು ಮಣ್ಣಿನ ನೀರನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಆ ಹರಿವಿನಲ್ಲಿ ನೈಟ್ರೇಟ್ ರೂಪದ ಸಾರಜನಕ, ಕ್ಯಾಲ್ಸಿಯಂ, ಮೆಗ್ನೀಷಿಯಂ, ಗಂಧಕ ತೇಲಿ ಬರುತ್ತವೆ. ಬಿಸಿಲು ಏರಿ ತೇವ ಇಳಿದಾಗ ಗಿಡ ನೀರನ್ನು ಉಳಿಸಲೆಂದು ಎಲೆಯ ರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ಹರಿವು ನಿಂತರೆ ಅದರೊಡನೆ ಬರುತ್ತಿದ್ದ ಆಹಾರವೂ ನಿಲ್ಲುತ್ತದೆ.

ಎರಡನೆಯ ದಾರಿ ಇನ್ನೂ ನಿಧಾನದ್ದು. ರಂಜಕ, ಪೊಟ್ಯಾಷ್ ಮತ್ತು ಸತು ಮಣ್ಣಿನ ಕಣಗಳ ಸುತ್ತಲಿರುವ ತೆಳುವಾದ ನೀರಿನ ಪೊರೆಯ ಮೂಲಕ, ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಇಂಚಿಂಚಾಗಿ ಸರಿಯುತ್ತವೆ. ಮಣ್ಣು ಒಣಗಿದಂತೆ ಈ ಪೊರೆ ತೆಳುವಾಗಿ, ಅಲ್ಲಲ್ಲಿ ಹರಿದು, ದಾರಿ ಸುತ್ತುಬಳಸಾಗುತ್ತದೆ. ಇವುಗಳಲ್ಲಿ ರಂಜಕದ ಚಲನೆ ಮೊದಲೇ ಅತ್ಯಲ್ಪ. ಹದವಾದ ಮಣ್ಣಿನಲ್ಲೇ ಅದು ಬೇರಿನ ಆಸುಪಾಸಿನ ಕೆಲವೇ ಮಿಲಿಮೀಟರ್ ದೂರದಿಂದ ಬರಬಲ್ಲದು. ಆದ್ದರಿಂದಲೇ ಬರದಲ್ಲಿ ಮೊದಲು ಕೊರತೆಯಾಗುವ ಪೋಷಕಾಂಶಗಳಲ್ಲಿ ರಂಜಕವೂ ಒಂದು.

ಇಲ್ಲೊಂದು ವಿಪರ್ಯಾಸವಿದೆ. ರಂಜಕ, ಸತು ಮೊದಲಾದ ನಿಧಾನಗತಿಯ ಪೋಷಕಾಂಶಗಳು ಹೆಚ್ಚಾಗಿ ಉಳಿಯುವುದು ಮಣ್ಣಿನ ಮೇಲ್ಪದರದಲ್ಲಿ. ರೈತ ಗೊಬ್ಬರ ಹಾಕುವುದೂ ಅಲ್ಲಿಗೇ, ಎಲೆ ಉದುರಿ ಕೊಳೆಯುವುದೂ ಅಲ್ಲಿಯೇ. ಮಳೆ ನಿಂತಾಗ ಮೊದಲು ಒಣಗುವುದೂ ಅದೇ ಪದರ. ತೊಗರಿ ಆಳಕ್ಕೆ ಬೇರಿಳಿಸುವ ಬೆಳೆ. ಎರೆ ಭೂಮಿಯ ಕೆಳಪದರದಲ್ಲಿ ಉಳಿದ ಹಸಿಯನ್ನು ಹುಡುಕಿಕೊಂಡು ಹೋಗುತ್ತದೆ. ಹೀಗೆ ಅದಕ್ಕೆ ನೀರು ಕೆಳಗೆ ಸಿಗುತ್ತದೆ, ಆಹಾರ ಮೇಲೆಯೇ ಉಳಿದುಬಿಡುತ್ತದೆ. ಹಸಿರಾಗಿ ನಿಂತ ಗಿಡದಲ್ಲಿ ಹೂ ಉದುರುವುದಕ್ಕೆ, ಕಾಯಿ ಜೊಳ್ಳಾಗುವುದಕ್ಕೆ ಇರುವ ಕಾರಣಗಳಲ್ಲಿ ಇದೂ ಒಂದು.

ತೊಗರಿಗೆ ಪ್ರಕೃತಿ ಒಂದು ಉಪಾಯವನ್ನೂ ಕೊಟ್ಟಿದೆ. ಹೈದರಾಬಾದ್ ಬಳಿಯ ಪಟಾಂಚೆರುವಿನಲ್ಲಿರುವ ಇಕ್ರಿಸ್ಯಾಟ್ ಸಂಸ್ಥೆಯ ವಿಜ್ಞಾನಿಗಳು 1990ರಲ್ಲಿ ಪ್ರಕಟಿಸಿದ ಸಂಶೋಧನೆ ಇದನ್ನು ವಿವರಿಸಿತು. ಕೆಂಪು ಮಣ್ಣಿನಲ್ಲಿ ಕಬ್ಬಿಣದೊಡನೆ ಬಿಗಿಯಾಗಿ ಕೂಡಿಕೊಂಡ, ಬೇರೆ ಬೆಳೆಗಳಿಗೆ ಎಟುಕದ ರಂಜಕವನ್ನು ತೊಗರಿಯ ಬೇರು ಪಿಸಿಡಿಕ್ ಎಂಬ ಆಮ್ಲವನ್ನು ಸ್ರವಿಸಿ ಬಿಡಿಸಿಕೊಳ್ಳುತ್ತದೆ. ಆದರೆ ಈ ಆಮ್ಲ ಕೆಲಸ ಮಾಡಲೂ, ಬಿಡುಗಡೆಯಾದ ರಂಜಕ ಬೇರಿಗೆ ಮರಳಲೂ ಒಂದಿಷ್ಟು ತೇವ ಬೇಕೇ ಬೇಕು. ಕಲ್ಯಾಣ ಕರ್ನಾಟಕದ ಎರೆ ಭೂಮಿಯ ಸಮಸ್ಯೆ ಬೇರೆ ಬಗೆಯದು. ಅಲ್ಲಿ ರಂಜಕವನ್ನು ಹಿಡಿದಿಡುವುದು ಸುಣ್ಣದ ಅಂಶ. ಅದೇ ಸುಣ್ಣ ಮತ್ತು ಕ್ಷಾರತೆ ಕಬ್ಬಿಣ, ಸತುಗಳನ್ನೂ ಗಿಡಕ್ಕೆ ದುರ್ಲಭವಾಗಿಸುತ್ತವೆ. ತೇವ ಇಳಿದಾಗ ಈ ಹಿಡಿತ ಇನ್ನಷ್ಟು ಬಿಗಿಯಾಗುತ್ತದೆ.

ಬೇರುಗಂಟಿನ ಮುಷ್ಕರ

ದ್ವಿದಳ ಧಾನ್ಯಗಳ ಹಿರಿಮೆ ಇರುವುದು ಅವುಗಳ ಬೇರುಗಂಟುಗಳಲ್ಲಿ. ಅಲ್ಲಿ ನೆಲೆಸಿದ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಬೇಕಾದ ರೂಪಕ್ಕೆ ತರುತ್ತವೆ. ಪರಿಸ್ಥಿತಿ ಅನುಕೂಲಕರವಾಗಿದ್ದರೆ ಬೆಳೆ ತನಗೆ ಬೇಕಾದ ಸಾರಜನಕದ ಅರ್ಧಕ್ಕಿಂತ ಹೆಚ್ಚನ್ನು ಹೀಗೆ ಪಡೆಯಬಲ್ಲದು. ತೊಗರಿಗೆ ಹೆಕ್ಟೇರಿಗೆ ಸುಮಾರು 25 ಕಿಲೋದಷ್ಟು ಸಾರಜನಕವನ್ನಷ್ಟೇ ಆರಂಭಿಕ ಗೊಬ್ಬರವಾಗಿ ಶಿಫಾರಸು ಮಾಡುವುದು ಈ ಭರವಸೆಯಿಂದಲೇ.

ಬರಕ್ಕೆ ಮೊದಲು ಮಣಿಯುವುದು ಈ ವ್ಯವಸ್ಥೆ. ಎಲೆಯಲ್ಲಿ ಆಹಾರ ತಯಾರಿಕೆ ಗಣನೀಯವಾಗಿ ಕುಗ್ಗುವ ಮೊದಲೇ ಬೇರುಗಂಟಿನ ಕೆಲಸ ನಿಧಾನವಾಗುತ್ತದೆ. ಗಂಟಿನೊಳಗೆ ಆಮ್ಲಜನಕ ಹೋಗುವ ದಾರಿ ಬಿಗಿಯಾಗುತ್ತದೆ. ಎಲೆಯಿಂದ ಬರಬೇಕಾದ ಸಕ್ಕರೆ ಕಡಿಮೆಯಾಗುತ್ತದೆ. ತಯಾರಾದ ಸಾರಜನಕ ಸಂಯುಕ್ತವನ್ನು ಮೇಲಕ್ಕೆ ಸಾಗಿಸಲು ನೀರಿಲ್ಲದೆ ಅದು ಗಿಡದಲ್ಲೇ ಶೇಖರಗೊಂಡು, ಸಾಕು ನಿಲ್ಲಿಸು ಎಂಬ ಸಂದೇಶ ಗಂಟಿಗೆ ತಲುಪುತ್ತದೆ. ಅಲಸಂದೆ, ಸೋಯಾ, ಬೀನ್ಸ್, ತೊಗರಿಯಂಥ ಬೆಳೆಗಳು ಸಾರಜನಕವನ್ನು ಯೂರಿಯೈಡ್ ಎಂಬ ರೂಪದಲ್ಲಿ ಸಾಗಿಸುತ್ತವೆ. ಈ ಗುಂಪಿನ ಹಲವು ಬೆಳೆಗಳಲ್ಲಿ ನೀರಿನ ಕೊರತೆಗೆ ಬೇರುಗಂಟು ಬೇಗ ಸೋಲುವುದನ್ನು ಸಂಶೋಧನೆಗಳು ತೋರಿಸಿವೆ. ಹಿಂಗಾರಿನ ಕಡಲೆ ಸಾಗಿಸುವ ರೂಪ ಬೇರೆಯದಾದರೂ ಅದಕ್ಕೂ ಬರದಿಂದ ವಿನಾಯಿತಿ ಇಲ್ಲ.

ಗಂಟು ಕೆಲಸ ನಿಲ್ಲಿಸಿದರೆ ನಷ್ಟ ಒಂದೇ ಹಂಗಾಮಿಗೆ ಮುಗಿಯುವುದಿಲ್ಲ. ತೊಗರಿ ಬಿಟ್ಟುಹೋಗುವ ಎಲೆ, ಬೇರುಗಳ ಸಾರಜನಕವನ್ನು ನೆಚ್ಚಿಕೊಂಡು ಮುಂದಿನ ಬೆಳೆಯಾಗಿ ಜೋಳ ಬಿತ್ತುವ ರೈತನಿಗೆ ಆ ಪಾಲೂ ತಪ್ಪುತ್ತದೆ. ಬರದ ವರ್ಷದ ಸಾಲ ಹೊಲಕ್ಕೂ ಅಂಟಿಕೊಳ್ಳುತ್ತದೆ.

ಇದರ ಜೊತೆಗೆ ರೋಗದ ಕಾಟ. ತೇವದ ಕೊರತೆ ಮತ್ತು ಬಿಸಿ ಕೂಡಿದಾಗ ಕಡಲೆಗೆ ಒಣ ಬೇರುಕೊಳೆ ಹೆಚ್ಚುತ್ತದೆ. ತೊಗರಿಯ ನೆಟೆ ರೋಗದ ಶಿಲೀಂಧ್ರ ಮಣ್ಣಿನಲ್ಲೇ ವರ್ಷಗಟ್ಟಲೆ ಉಳಿದು, ಬೇರಿನ ಮೂಲಕ ಒಳನುಗ್ಗಿ ನೀರಿನ ನಾಳವನ್ನೇ ಕಟ್ಟಿಹಾಕುತ್ತದೆ. ಆಗ ಮಣ್ಣಿನಲ್ಲಿ ತೇವವಿದ್ದರೂ ಗಿಡದ ಪಾಲಿಗೆ ಅದು ಬರವೇ.

2023ರ ಪಾಠ

2023ರ ಆಗಸ್ಟ್ ತಿಂಗಳು 1901ರಿಂದೀಚೆಗೆ ದೇಶ ಕಂಡ ಅತಿ ಒಣ ಆಗಸ್ಟ್ ಎಂದು ದಾಖಲಾಯಿತು. ಆ ವರ್ಷ ರಾಜ್ಯ ಸರ್ಕಾರ ಸೆಪ್ಟೆಂಬರ್‌ನಲ್ಲಿ 195 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿತು. ಪಟ್ಟಿ ಬೆಳೆದು 236 ತಾಲ್ಲೂಕುಗಳ ಪೈಕಿ 223ಕ್ಕೆ ಮುಟ್ಟಿತು. ರಾಜ್ಯ ಕೇಂದ್ರದಿಂದ 18,171 ಕೋಟಿ ರೂಪಾಯಿ ನೆರವು ಕೇಳಿತು. ವಿವಾದ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ ಬಳಿಕ 2024ರ ಏಪ್ರಿಲ್‌ನಲ್ಲಿ 3,454 ಕೋಟಿ ರೂಪಾಯಿ ಬಿಡುಗಡೆಯಾಯಿತು. ಅಷ್ಟರಲ್ಲಿ ತೊಗರಿ ರಾಶಿ ಮುಗಿದು ತಿಂಗಳುಗಳೇ ಕಳೆದಿದ್ದವು.

ಹಣದ ಜಗಳ ಎಲ್ಲರ ಕಣ್ಣಿಗೆ ಬಿತ್ತು. ನಷ್ಟವನ್ನು ಅಳೆಯುವ ಬಗೆಯ ಕುರಿತು ಚರ್ಚೆ ನಡೆದದ್ದು ಕಡಿಮೆ. 2016ರ ಬರ ಕೈಪಿಡಿ ಮಳೆಯ ಕೊರತೆ, ಬಿತ್ತನೆ ಪ್ರದೇಶ, ಉಪಗ್ರಹ ಚಿತ್ರದಲ್ಲಿ ಕಾಣುವ ಹಸಿರು, ಮಣ್ಣಿನ ತೇವಾಂಶ ಮತ್ತು ಜಲಾಶಯ-ಅಂತರ್ಜಲದ ಸ್ಥಿತಿಯನ್ನು ಪರಿಗಣಿಸುತ್ತದೆ. ಇವೆಲ್ಲ ಅಗತ್ಯವೇ. ಆದರೆ ಉಪಗ್ರಹದ ಕಣ್ಣಿಗೆ ಹಸಿರಾಗಿ ಕಾಣುವ ತೊಗರಿಯ ಬೇರುಗಂಟು ಸತ್ತಿರುವುದು ಗೋಚರಿಸದು. ವಿಪತ್ತು ಪರಿಹಾರ ನಿಧಿಯ ನಿಯಮದಂತೆ ಶೇ 33 ಅಥವಾ ಅದಕ್ಕಿಂತ ಹೆಚ್ಚು ಬೆಳೆನಷ್ಟವಾದರಷ್ಟೇ ಪರಿಹಾರ. ಮೂರನೆಯ ಒಂದು ಪಾಲು ಬೆಳೆ ಹೋಗುವವರೆಗಿನ ನಷ್ಟವೆಲ್ಲ ರೈತನದೇ.

ಪರಿಹಾರದ ಮೊತ್ತವನ್ನೂ ನೋಡಬೇಕು. 2022ರಿಂದ 2026ರ ಅವಧಿಗೆ ನಿಗದಿಯಾದ ದರದಂತೆ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಅಂದರೆ ಎಕರೆಗೆ ಸುಮಾರು 3,400 ರೂಪಾಯಿ. ಅದೂ 2 ಹೆಕ್ಟೇರಿನ ಮಿತಿಗೆ ಒಳಪಟ್ಟು. ಒಂದು ಚೀಲ ಡಿಎಪಿಗೆ 1,350 ರೂಪಾಯಿ. ಎಕರೆಗೆ ಒಂದು ಚೀಲ ಹಾಕಿದ ರೈತನಿಗೆ ಪರಿಹಾರದ ಐದರಲ್ಲಿ ಎರಡು ಪಾಲು, ಗಿಡ ಬಳಸಿಕೊಳ್ಳಲಾಗದ ಆ ಒಂದು ಚೀಲದ ಬೆಲೆಗೇ ಸರಿಹೋಗುತ್ತದೆ. ಬೀಜ, ಉಳುಮೆ, ಕೂಲಿ, ಔಷಧಿಗಳ ಲೆಕ್ಕ ಇನ್ನೂ ಬಾಕಿ.

ಮತ್ತಷ್ಟು ಗೊಬ್ಬರ ಉತ್ತರವಲ್ಲ

ಬೆಳೆ ಸೊರಗಿದಾಗ ಇನ್ನಷ್ಟು ಗೊಬ್ಬರ ಸುರಿಯುವುದು ಸಹಜ ಪ್ರವೃತ್ತಿ. ಒಣ ಮಣ್ಣಿನಲ್ಲಿ ಇದು ನಷ್ಟದ ಮೇಲೆ ನಷ್ಟ. ಕ್ಷಾರೀಯ ಎರೆ ಭೂಮಿಯ ಮೇಲೆ ಚೆಲ್ಲಿದ ಯೂರಿಯಾದ ಒಂದು ಪಾಲು ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಉಳಿದದ್ದು ಬೇರಿನ ಸುತ್ತ ಲವಣದ ಸಾಂದ್ರತೆ ಹೆಚ್ಚಿಸಿ, ಇರುವ ತುಸು ನೀರನ್ನೂ ಹೀರಲು ಬಿಡುವುದಿಲ್ಲ. ಸಾರಜನಕ ಅತಿಯಾದರೆ ಬೇರುಗಂಟುಗಳ ಬೆಳವಣಿಗೆಯೂ ಕುಂಠಿತವಾಗುತ್ತದೆ.

ಕೆಲಸಕ್ಕೆ ಬರುವ ಕ್ರಮಗಳು ಸರಳ, ಹಲವು ಹಳೆಯವೂ ಹೌದು. ಗೊಬ್ಬರವನ್ನು ಮೇಲೆ ಚೆಲ್ಲದೆ ಕೂರಿಗೆಯ ಮೂಲಕ ಬೀಜಕ್ಕಿಂತ ತುಸು ಕೆಳಗೆ, ಹಸಿ ಹೆಚ್ಚು ಕಾಲ ಉಳಿಯುವ ಕಡೆ ಇಳಿಸುವುದು ಮೊದಲನೆಯದು. ಎಡೆಕುಂಟೆ ಹೊಡೆದು ಎರೆ ಭೂಮಿಯ ಬಿರುಕು ಮುಚ್ಚಿದರೆ ಆವಿಯಾಗುವ ತೇವ ಉಳಿಯುತ್ತದೆ. ಬದು, ದಿಂಡುಗಳು ಬಿದ್ದ ಮಳೆಯನ್ನು ಹೊಲದಲ್ಲೇ ತಡೆಯುತ್ತವೆ. ಕೊಟ್ಟಿಗೆ ಗೊಬ್ಬರ ಮಣ್ಣಿನ ನೀರು ಹಿಡಿಯುವ ಶಕ್ತಿಯನ್ನು ಹೆಚ್ಚಿಸುತ್ತದೆ. ರೈಜೋಬಿಯಂ ಬೀಜೋಪಚಾರದ ಖರ್ಚು ಅತ್ಯಲ್ಪ. ಪೊಟ್ಯಾಷ್ ಸಾಕಷ್ಟಿದ್ದ ಗಿಡ ಎಲೆಯ ರಂಧ್ರಗಳನ್ನು ಹತೋಟಿಯಲ್ಲಿಟ್ಟುಕೊಂಡು ಬರವನ್ನು ಹೆಚ್ಚು ಕಾಲ ತಾಳುತ್ತದೆ.

ಬೇರಿನ ದಾರಿ ಮುಚ್ಚಿದಾಗ ಎಲೆಯ ದಾರಿ ಉಳಿದಿರುತ್ತದೆ. ರಾಯಚೂರು ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ ರೂಪಿಸಿದ ‘ಪಲ್ಸ್ ಮ್ಯಾಜಿಕ್’ ಮಿಶ್ರಣ ಈ ತತ್ವವನ್ನೇ ಆಧರಿಸಿದೆ. ಸಾರಜನಕ, ರಂಜಕ, ಲಘು ಪೋಷಕಾಂಶ ಮತ್ತು ಬೆಳವಣಿಗೆಯ ಪ್ರಚೋದಕಗಳಿರುವ ಇದನ್ನು ಹೂ ಬಿಡುವ ವೇಳೆ ಮತ್ತು 15 ದಿನಗಳ ಬಳಿಕ ಎಲೆಗಳ ಮೇಲೆ ಸಿಂಪಡಿಸಲಾಗುತ್ತದೆ. ಹೂ ಉದುರುವುದನ್ನು ತಗ್ಗಿಸಿ ಕಾಯಿ ಕಟ್ಟಲು ನೆರವಾಗುವುದು ಇದರ ಉದ್ದೇಶ. ಆದರೆ ಇದು ತುತ್ತು ನೀಡಬಲ್ಲದೇ ಹೊರತು ಊಟವನ್ನಲ್ಲ. ಪೂರ್ತಿ ಒಣಗಿದ ಹೊಲವನ್ನು ಸಿಂಪಡಣೆಯೊಂದೇ ಬದುಕಿಸದು.

ನಿರ್ಣಾಯಕವಾದದ್ದು ಹೂ ಮತ್ತು ಕಾಯಿ ಕಟ್ಟುವ ಹೊತ್ತಿನ ಒಂದೆರಡು ರಕ್ಷಣಾತ್ಮಕ ನೀರಾವರಿ. 2014-15ರಲ್ಲಿ ರಾಜ್ಯ ಆರಂಭಿಸಿದ ಕೃಷಿ ಭಾಗ್ಯ ಯೋಜನೆಯ ಕೃಷಿ ಹೊಂಡಗಳು ಉದ್ದೇಶಿಸಿದ್ದು ಇದನ್ನೇ. ಹೊಂಡದ ನೀರು ಬಾಯಾರಿಕೆಯನ್ನಷ್ಟೇ ತಣಿಸುವುದಿಲ್ಲ, ಮಣ್ಣಿನಲ್ಲಿ ಬಂಧಿಯಾದ ಗೊಬ್ಬರಕ್ಕೂ ಬಿಡುಗಡೆ ಕೊಡುತ್ತದೆ. 2009ರಲ್ಲಿ ಇಕ್ರಿಸ್ಯಾಟ್ ಸಹಯೋಗದಲ್ಲಿ ಆರಂಭವಾದ ಭೂಚೇತನ ಯೋಜನೆ ರಾಜ್ಯದ ಮಣ್ಣಿನಲ್ಲಿ ಸತು, ಬೋರಾನ್, ಗಂಧಕದ ಕೊರತೆ ವ್ಯಾಪಕವಾಗಿರುವುದನ್ನು ತೋರಿಸಿಕೊಟ್ಟಿತು. 2015ರಿಂದ ಮಣ್ಣು ಆರೋಗ್ಯ ಚೀಟಿಗಳು ಬಂದಿವೆ. ಚೀಟಿ ಮಣ್ಣಿನಲ್ಲಿ ಏನಿದೆ ಎಂದು ಹೇಳುತ್ತದೆ. ಈ ವರ್ಷದ ತೇವದಲ್ಲಿ ಅದರಲ್ಲೆಷ್ಟು ಗಿಡಕ್ಕೆ ದಕ್ಕೀತೆಂದು ಹೇಳುವುದಿಲ್ಲ. ಮಳೆ ಮಾಪಕದ ಮಾಹಿತಿಯನ್ನೂ ಚೀಟಿಯ ಮಾಹಿತಿಯನ್ನೂ ಜೋಡಿಸಿ, ಯಾವಾಗ ಗೊಬ್ಬರ ಹಾಕಬೇಕು, ಯಾವಾಗ ಹಾಕಬಾರದು ಎಂದು ಹೋಬಳಿ ಮಟ್ಟದಲ್ಲಿ ಸಲಹೆ ನೀಡುವುದು ಅಸಾಧ್ಯದ ಕೆಲಸವಲ್ಲ.

ನಗರದ ತಟ್ಟೆಗೂ ಸಂಬಂಧವಿದೆ

ಈ ವಿಷಯ ಹೊಲದ ಬದುವಿಗೇ ಸೀಮಿತವಲ್ಲ. 2023ರ ಕೊನೆಯಲ್ಲಿ ಕಲಬುರಗಿ ಮಾರುಕಟ್ಟೆಯಲ್ಲಿ ತೊಗರಿ ಕ್ವಿಂಟಲ್‌ಗೆ 10 ಸಾವಿರ ರೂಪಾಯಿ ದಾಟಿತ್ತು. ಆಗ ಬೆಂಬಲ ಬೆಲೆ ಇದ್ದುದು 7,000. ಬೆಲೆ ಇದ್ದಾಗ ರೈತನ ಬಳಿ ಮಾಲಿರಲಿಲ್ಲ, ನಗರದ ಗೃಹಿಣಿಯ ಸಾರು ನೀರಾಯಿತು. ಕೊರತೆ ತುಂಬಲು ಮ್ಯಾನ್ಮಾರ್, ಮೊಜಾಂಬಿಕ್, ತಾಂಜಾನಿಯಾಗಳಿಂದ ತೊಗರಿ ಬರುತ್ತದೆ. 2025ರ ಆರಂಭದಲ್ಲಿ ಫಸಲು ಬಂದಾಗ ಬೆಲೆ 7,550 ರೂಪಾಯಿಯ ಬೆಂಬಲ ಬೆಲೆಗಿಂತಲೂ ಕೆಳಗಿಳಿಯಿತು. ಬರದಲ್ಲಿ ಇಳುವರಿಯ ನಷ್ಟ, ಸುಗ್ಗಿಯಲ್ಲಿ ಬೆಲೆಯ ನಷ್ಟ. ಎರಡನ್ನೂ ಹೊರುವವನು ಒಬ್ಬನೇ.

ಮಾಂಸ, ಮೊಟ್ಟೆ ತಿನ್ನದ ಅಥವಾ ಕೊಳ್ಳಲಾಗದ ಲಕ್ಷಾಂತರ ಕುಟುಂಬಗಳಿಗೆ ಬೇಳೆಯೇ ಪ್ರೋಟೀನಿನ ಆಸರೆ. ಬರದಲ್ಲಿ ಕಾಳು ಸಣ್ಣದಾದಾಗ ಎಕರೆಯೊಂದರಿಂದ ಜನರ ತಟ್ಟೆಗೆ ಸೇರುವ ಒಟ್ಟು ಪ್ರೋಟೀನ್, ಕಬ್ಬಿಣ, ಸತುಗಳ ಪ್ರಮಾಣವೂ ತಗ್ಗುತ್ತದೆ.

ಪ್ರಕೃತಿ ಇನ್ನೊಂದು ತುದಿಯಿಂದಲೂ ಹೊಡೆಯಬಲ್ಲದು. 2025ರ ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಅತಿವೃಷ್ಟಿ ಮತ್ತು ಭೀಮಾ ಪ್ರವಾಹ ಕಲಬುರಗಿಯ ತೊಗರಿ ಹೊಲಗಳನ್ನು ಮುಳುಗಿಸಿದವು. ನಿಂತ ನೀರಿನಲ್ಲಿ ಬೇರುಗಂಟಿಗೆ ಉಸಿರು ಕಟ್ಟುತ್ತದೆ, ಫಲಿತಾಂಶ ಬರದ್ದೇ. ಹೆಚ್ಚಾದ ದಿನ ಹಿಡಿದಿಟ್ಟು ಕಡಿಮೆಯಾದ ದಿನ ಕೊಡುವ ವ್ಯವಸ್ಥೆ ಹೊಲದಲ್ಲೇ ಇರಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

350 ಲಕ್ಷ ಟನ್ನಿನ ಗುರಿ ಕಾಗದದ ಮೇಲೆ ಸುಂದರವಾಗಿದೆ. ಟಿಎಸ್-3ಆರ್, ಜಿಆರ್‌ಜಿ-811ರಂಥ ಒಳ್ಳೆಯ ತಳಿಗಳು ನಮ್ಮಲ್ಲೇ ಇವೆ, ಗೊಬ್ಬರಕ್ಕೆ ಸಬ್ಸಿಡಿಯೂ ಇದೆ. ಇವೆರಡನ್ನೂ ಗಿಡಕ್ಕೆ ತಲುಪಿಸುವ ಕೊಂಡಿ ಮಣ್ಣಿನ ಹಸಿ. ಬೇಳೆಕಾಳು ಯೋಜನೆಯ ಹಣದಲ್ಲಿ ಆ ಹಸಿಯನ್ನು ಕಾಯುವ ಬದು, ಹೊಂಡ, ಕೊಟ್ಟಿಗೆ ಗೊಬ್ಬರಗಳಿಗೆ ಎಷ್ಟು ಪಾಲು ಸಿಗುತ್ತದೆ ಎಂಬುದರ ಮೇಲೆ ಅದರ ಫಲ ನಿಂತಿದೆ. ರಾಜ್ಯದ ಕೃಷಿ ಇಲಾಖೆ ಮುಂದಿನ ಮುಂಗಾರಿಗೆ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ.