ಸಮುದ್ರ ನೋಡಲು ಹರಕೆ ಯಾಕೆ ಬೇಕು?

ನಮ್ಮ ಕಡೆ ಗಂಡ ಹೆಂಡತಿ ಜೋಡಿಯಾಗಿ ಬಸ್ ಹತ್ತುವುದು ಯಾವಾಗ ಅಂತ ಒಮ್ಮೆ ಲೆಕ್ಕ ಹಾಕಿ ನೋಡಿ. ಯಾರದೋ ಮದುವೆ ಇರಬೇಕು. ಮಣ್ಣು ಕೊಡಲು ಹೋಗಬೇಕು. ಆಸ್ಪತ್ರೆಗೆ ಹೋಗಬೇಕು. ಇಲ್ಲವೇ ಹರಕೆ ತೀರಿಸಬೇಕು. ಇವು ಯಾವುವೂ ಇಲ್ಲದೆ ಇಬ್ಬರೇ ಮೂರು ದಿನ ಮನೆ ಬಿಟ್ಟರೆ ಊರು ಸುಮ್ಮನಿರುವುದಿಲ್ಲ.

ನಮ್ಮೂರಿನ ಒಬ್ಬ ಅಣ್ಣ, ವೈನಿ ಈ ವರ್ಷ ಗೋವಿನಜೋಳ ಮಾರಿದ ಮೇಲೆ ಸಮುದ್ರ ನೋಡಲು ಹೋದರು. ಇಬ್ಬರಿಗೂ ಐವತ್ತರ ಆಸುಪಾಸು ವಯಸ್ಸು. ಮೂರು ಎಕರೆ ಹೊಲ, ಎರಡು ಎಮ್ಮೆ. ಅವರು ಅತ್ತ ಹೋದ ಕೂಡಲೇ ಇತ್ತ ಕಟ್ಟೆಯ ಮೇಲೆ ಮಾತು ಶುರು: “ಈ ವಯಸ್ಸಿನ್ಯಾಗ ಇವರಿಗೆ ಹನಿಮೂನ್ ಬೇಕಾಗಿತ್ತೇನು?” ಅದೇ ಕಟ್ಟೆಯ ಮೇಲಿನ ಹುಡುಗರು ಗೆಳೆಯರ ಜೊತೆ ಗೋವಾಕ್ಕೆ ಹೋಗಿ ಬಂದಾಗ ಯಾರೂ ಚಕಾರ ಎತ್ತಿರಲಿಲ್ಲ.

ನನ್ನ ಅಭಿಪ್ರಾಯ ಇಷ್ಟೇ. ದುಡಿಯುವ ಗಂಡ ಹೆಂಡತಿ ವರ್ಷಕ್ಕೊಮ್ಮೆ ಇಬ್ಬರೇ ತಿರುಗಾಡಿ ಬರುವುದು ದುಂದು ವೆಚ್ಚ ಅಲ್ಲ. ಅದಕ್ಕೆ ನೆಪ ಹೇಳಬೇಕಾಗಿಲ್ಲ, ನಾಚಿಕೊಳ್ಳಬೇಕಾಗಿಯೂ ಇಲ್ಲ.

ಮೊದಲು ಖರ್ಚಿನ ಮಾತು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ಸರ್ಕಾರದ ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ರಾಜ್ಯದೊಳಗೆ ಟಿಕೆಟ್ ಇಲ್ಲ. ಅಂದರೆ ಜೋಡಿ ಹೊರಟರೆ ಗಂಡನ ಟಿಕೆಟ್ ಖರ್ಚು ಮಾತ್ರ. ಹಾವೇರಿಯಿಂದ ಶಿರಸಿಗೆ ಬಂದು, ಅಲ್ಲಿಂದ ಘಟ್ಟ ಇಳಿದರೆ ಕುಮಟಾ. ಕುಮಟಾದಿಂದ ಹೊನ್ನಾವರ, ಮುರ್ಡೇಶ್ವರ, ಭಟ್ಕಳ ಎಲ್ಲವೂ ಹೆದ್ದಾರಿ 66ರ ಸಾಲಿನಲ್ಲೇ ಇವೆ. ನಮ್ಮ ಅಣ್ಣ, ವೈನಿಯ ಮೂರು ದಿನದ ಖರ್ಚು ಅವರ ಮಗ ಕೊಂಡ ಮೊಬೈಲಿನ ಬೆಲೆಗಿಂತ ಕಡಿಮೆ ಆಯಿತಂತೆ.

ಇನ್ನು, ಅಲ್ಲಿ ನೋಡುವುದಕ್ಕೆ ನೀರು ಬಿಟ್ಟು ಏನಿದೆ ಅಂತ ಕೇಳುವವರಿದ್ದಾರೆ. ನನ್ನ ಪ್ರಕಾರ ಈ ಕರಾವಳಿಯನ್ನು ರೈತರೇ ಮೊದಲು ನೋಡಬೇಕು.

ಕುಮಟಾ ತಾಲೂಕಿನ ಮಿರ್ಜಾನ್ ಕೋಟೆಯನ್ನೇ ತೆಗೆದುಕೊಳ್ಳಿ. ಅಘನಾಶಿನಿ ನದಿಯ ಹತ್ತಿರ ಕೆಂಪು ಕಲ್ಲಿನ ಗೋಡೆ, ಸುತ್ತ ಕಂದಕ, ಒಳಗೆ ಬಾವಿಗಳು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಬೆಸೆದುಕೊಂಡ ಕೋಟೆ ಇದು. ಹದಿನಾರನೇ ಶತಮಾನದಲ್ಲಿ ಆಳಿದ ಈ ಹೆಣ್ಣುಮಗಳನ್ನು ಪೋರ್ಚುಗೀಸರು ‘ಕಾಳುಮೆಣಸಿನ ರಾಣಿ’ ಅಂತ ಕರೆದರು. ಘಟ್ಟದ ಮೆಣಸು ಕೆಳಗಿಳಿದು ಈ ಕಡೆಯ ಬಂದರುಗಳಿಂದ ಹಡಗು ಹತ್ತುತ್ತಿತ್ತು. ಒಂದು ಬೆಳೆ ಕೈಯಲ್ಲಿದ್ದ ಕಾರಣಕ್ಕೆ ಸಮುದ್ರದಾಚೆಯವರು ರಾಣಿಯ ಜೊತೆ ಮಾತುಕತೆಗೆ ಕೂರಬೇಕಾಯಿತು. ಗೋವಿನಜೋಳದ ರೇಟಿಗಾಗಿ ಎಪಿಎಂಸಿ ಮುಂದೆ ಕಾಯುವವರು ಆ ಕೋಟೆಯ ಮೇಲೆ ನಿಂತು ಯೋಚಿಸುವುದು ಬಹಳ ಇದೆ.

ಗೋಕರ್ಣಕ್ಕೆ ಹೋದವರು ದೇವರ ದರ್ಶನ ಮಾಡಿ ವಾಪಸ್ ಬಸ್ ಹತ್ತುತ್ತಾರೆ. ಪಕ್ಕದಲ್ಲೇ ಸಾಣಿಕಟ್ಟಾ ಇದೆ. ಅಲ್ಲಿ ಬೇಸಿಗೆಯಲ್ಲಿ ಗದ್ದೆಯಂಥ ಮಡಿಗಳಲ್ಲಿ ಸಮುದ್ರದ ನೀರು ಇಂಗಿಸಿ ಉಪ್ಪು ತೆಗೆಯುತ್ತಾರೆ. ಅದೇ ಕರಾವಳಿಯ ಅಂಕೋಲೆಯಲ್ಲಿ 1930ರಲ್ಲಿ ಜನ ಬ್ರಿಟಿಷರ ಕಾನೂನು ಮುರಿದು ಉಪ್ಪು ಮಾಡಿದರು. ಪುಸ್ತಕದಲ್ಲಿ ಓದಿದ ಉಪ್ಪಿನ ಸತ್ಯಾಗ್ರಹ ಎಷ್ಟು ಬೆವರಿನ ಕೆಲಸ ಅಂತ ಆ ಮಡಿಗಳ ಬದುವಿನ ಮೇಲೆ ನಿಂತಾಗ ತಿಳಿಯುತ್ತದೆ. ಅಘನಾಶಿನಿ ಸಮುದ್ರ ಸೇರುವ ಕಡೆ ಉಪ್ಪುನೀರಿನ ಗಜನಿಗಳಲ್ಲಿ ಕಗ್ಗ ಅನ್ನುವ ಭತ್ತ ಬೆಳೆಯುತ್ತದೆ. ಉಪ್ಪುನೀರು ತಾಳಿಕೊಳ್ಳುವ ಭತ್ತ! ಅಣ್ಣ ಊರಿಗೆ ಬಂದು ಎಲ್ಲಕ್ಕಿಂತ ಹೆಚ್ಚು ಹೇಳಿದ್ದು ಇದನ್ನೇ.

ಭಟ್ಕಳದ ಬಗ್ಗೆಯೂ ಒಂದು ಮಾತು. ನಾನು ಸುದ್ದಿ ಬರೆಯುವವನು, ಹಾಗಾಗಿ ಹೇಳಬಲ್ಲೆ: ಟಿವಿಯಲ್ಲಿ ಆ ಊರಿನ ಹೆಸರು ಬಂದರೆ ಒಂದೇ ಬಗೆಯ ಸುದ್ದಿ ಬರುತ್ತದೆ. ಆದರೆ ವಿಜಯನಗರದ ಕಾಲದಲ್ಲಿ ಕುದುರೆಗಳು ಹಡಗಿನಿಂದ ಇಳಿಯುತ್ತಿದ್ದ ಬಂದರು ಅದು. ಕೇತಪೈ ನಾರಾಯಣ ದೇವಸ್ಥಾನದ ಕಲ್ಲಿನ ಕೆತ್ತನೆ, ಚಂದ್ರನಾಥ ಬಸದಿ, ಅರಬ್ ವ್ಯಾಪಾರಿಗಳ ನಂಟಿನಿಂದ ಬೆಳೆದ ನವಾಯತರ ಓಣಿಗಳು, ಮಸೀದಿಗಳು ಎಲ್ಲವೂ ಒಂದೇ ಊರಿನಲ್ಲಿವೆ. ಅದನ್ನು ಕಾಲ್ನಡಿಗೆಯಲ್ಲಿ ನೋಡಿ ಬಂದವರು ವಾಟ್ಸಾಪಿನಲ್ಲಿ ಬಂದದ್ದನ್ನೆಲ್ಲ ಫಾರ್ವರ್ಡ್ ಮಾಡುವ ಮುಂಚೆ ಸ್ವಲ್ಪ ತಡೆಯುತ್ತಾರೆ ಅನ್ನುವುದು ನನ್ನ ನಂಬಿಕೆ.

ಒಂದು ಎಚ್ಚರಿಕೆ ಹೇಳಲೇಬೇಕು. ನಾವು ಬಯಲುಸೀಮೆಯವರಿಗೆ ಸಮುದ್ರದ ಗುಣ ಗೊತ್ತಿಲ್ಲ. ಕೆರೆಯಲ್ಲಿ, ಬಾವಿಯಲ್ಲಿ ಈಜು ಕಲಿತವರೇ ಹೆಚ್ಚು ಧೈರ್ಯ ಮಾಡುತ್ತಾರೆ. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ಹುಡುಗಿಯರು ನೀರುಪಾಲಾದರು. ಅಲೆ ವಾಪಸ್ ಹೋಗುವಾಗ ಕಾಲಕೆಳಗಿನ ಮರಳನ್ನೇ ಎಳೆದುಕೊಂಡು ಹೋಗುತ್ತದೆ. ಮೊಣಕಾಲು ದಾಟಿ ನೀರಿಗಿಳಿಯಬೇಡಿ. ಮಳೆಗಾಲದಲ್ಲಂತೂ ದಂಡೆಯಿಂದಲೇ ಕೈಮುಗಿದು ಬನ್ನಿ. ಅಲ್ಲಿಯ ಮೀನುಗಾರರು, ಜೀವರಕ್ಷಕರು ಬೇಡ ಅಂದರೆ ಬೇಡವೇ.

ಸರ್ಕಾರಕ್ಕೂ ಹೇಳುವುದಿದೆ. ಹೆಣ್ಣುಮಕ್ಕಳಿಗೆ ಬಸ್ ಉಚಿತ ಮಾಡಿದಿರಿ, ಒಳ್ಳೆಯದಾಯಿತು. ಆದರೆ ಇಳಿದ ಮೇಲೆ? ಶೌಚಾಲಯ ಸರಿ ಇಲ್ಲದ ಕಡೆ ಹೆಣ್ಣುಮಕ್ಕಳು ದಿನವಿಡೀ ನೀರು ಕುಡಿಯದೆ ತಿರುಗುತ್ತಾರೆ. ಒದ್ದೆ ಸೀರೆ ಬದಲಿಸಲು ಮರೆ ಹುಡುಕಬೇಕು. ಆಗದ ಕೆಲಸ ಏನಲ್ಲ ಇದು. ಹೊನ್ನಾವರದ ಕಾಸರಕೋಡು ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿದೆ. ಸ್ವಚ್ಛತೆ, ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ಜೀವರಕ್ಷಕರು ಇದ್ದರೆ ಮಾತ್ರ ಕೊಡುವ ಮಾನ್ಯತೆ ಅದು. ಒಂದು ಕಡೆ ಆದದ್ದು ಉಳಿದ ಕಡೆ ಯಾಕೆ ಆಗಬಾರದು? ಕೋಟೆ, ಬಸದಿಗಳ ಮುಂದೆ ಹಾಕುವ ಫಲಕದಲ್ಲಿ ಕಾನೂನಿನ ಎಚ್ಚರಿಕೆಯ ಜೊತೆ ಆ ಜಾಗದ ಕತೆಯೂ ತಿಳಿಯುವ ಕನ್ನಡದಲ್ಲಿ ಇರಲಿ. ಕಾರಿನಲ್ಲಿ ಬರುವವರಿಗೆ ರೆಸಾರ್ಟ್ ಇವೆ. ಬಸ್ಸಿನಲ್ಲಿ ಬರುವ ಜೋಡಿಗೆ ಕಡಿಮೆ ಬಾಡಿಗೆಯ, ಚೊಕ್ಕ ಇರುವ, ಅಳುಕಿಲ್ಲದೆ ಮಲಗಬಹುದಾದ ಕೋಣೆ ಬೇಕು.

ಊರಿನವರಿಗೆ ಹೇಳುವುದು ಇನ್ನೂ ಸುಲಭ. ಎಮ್ಮೆ ಹಿಂಡುವವರಿಲ್ಲ ಅಂತಲೇ ಎಷ್ಟೋ ಹೆಣ್ಣುಮಕ್ಕಳು ತವರಿಗೂ ಹೋಗುವುದಿಲ್ಲ. ಮೂರು ದಿನ ಪಕ್ಕದ ಮನೆಯವರ ದನಕ್ಕೆ ಮೇವು ಹಾಕಿ, ಮುಂದಿನ ಸಲ ಅವರು ನಿಮ್ಮ ದನ ನೋಡಿಕೊಳ್ಳುತ್ತಾರೆ. ಮದುವೆಗೆ, ಮಣ್ಣಿಗೆ ಹೋಗುವಾಗ ಮಾಡಿಕೊಳ್ಳುವ ಮುಯ್ಯಿಯನ್ನೇ ಇದಕ್ಕೂ ಮಾಡಿಕೊಂಡರೆ ಆಯಿತು.

ಪ್ರವಾಸ ಹೇಗಿತ್ತು ಅಂತ ವೈನಿಯನ್ನು ಕೇಳಿದೆ. ಅವರು ಕೋಟೆಯ ಸುದ್ದಿ ಹೇಳಲಿಲ್ಲ, ಅಲೆಯ ಸುದ್ದಿಯನ್ನೂ ಹೇಳಲಿಲ್ಲ. “ಮದುವ್ಯಾಗಿ ಇಪ್ಪತ್ತಾರು ವರ್ಷ ಆತು. ಇವರು ನನ್ನ ಜೋಡಿ ಇಷ್ಟೊತ್ತು ಕುಂತು ಮಾತಾಡಿದ್ದು ಇದೇ ಮೊದಲು” ಅಂದರು.

ಮುಂದಿನ ಸುಗ್ಗಿ ಮುಗಿದ ಮೇಲೆ ನಿಮ್ಮ ಮನೆಯಲ್ಲೂ ಈ ಮಾತು ತೆಗೆಯಿರಿ. ಮಕ್ಕಳು ದೊಡ್ಡವರಿದ್ದರೆ ಅವರೇ ತೆಗೆಯಲಿ: ಅಪ್ಪ, ಅವ್ವ, ನೀವಿಬ್ಬರೂ ಹೋಗಿ ಬರ್ರಿ, ಮನೆ ನಾವು ನೋಡಿಕೊಳ್ಳುತ್ತೇವೆ.