ಒಡವೆ ಪೆಟ್ಟಿಗೆಯಲ್ಲಿ ರಿವಾಲ್ವರ್

ನೆಂಟರಿಷ್ಟರಿಗೆ ಏನಾದರೊಂದು ಆರಿಸಿಕೊಡುವುದು ನಮ್ಮ ಹೆಂಗಸರಿಗೆ ಹೊಸತಲ್ಲ. ಮದುವೆಯ ಸೀರೆ, ಮಿಕ್ಸಿ, ಮಕ್ಕಳ ಶಾಲೆ, ಕೊನೆಗೆ ಮನೆಗೆ ತರುವ ಸೊಸೆಯನ್ನೂ ಆರಿಸಿಕೊಟ್ಟಿದ್ದೇವೆ. ಆದರೆ "ಒಂದು ಒಳ್ಳೇ ರಿವಾಲ್ವರ್ ತಗೋಬೇಕು ಚಿಕ್ಕಮ್ಮ, ಯಾವುದು ಅಂತ ನೀವೇ ಹೇಳಿ" ಎಂದು ಕೇಳಿದವಳು ನನ್ನ ಅಕ್ಕನ ಮಗಳೊಬ್ಬಳೇ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ರಿವಾಲ್ವರುಗಳಲ್ಲಿ ಒಳ್ಳೆಯವೂ ಇವೆ, ಕೆಟ್ಟವೂ ಇವೆ. ಆದರೆ ಸಂಸಾರ ನಡೆಯುವ ಮನೆಯ ಬೀರುವಿನಲ್ಲಿ ಹೆಂಗಸಿನ ರಕ್ಷಣೆಗೆಂದು ಇಡಬಹುದಾದ ಒಳ್ಳೆಯ ರಿವಾಲ್ವರ್ ಒಂದೂ ಇಲ್ಲ. ಹೀಗೆಂದರೆ ನಮ್ಮ ಮನೆಯ ಗಂಡಸರು ನಗುತ್ತಾರೆ. ನಗಲಿ. ನಕ್ಕು ಮುಗಿದ ಮೇಲೆ ಸ್ವಲ್ಪ ಕೇಳಿಸಿಕೊಳ್ಳಲಿ.

ಹುಡುಗಿ ಇರುವುದು ರಾಜರಾಜೇಶ್ವರಿನಗರದಲ್ಲಿ. ಗಂಡನಿಗೆ ತಿಂಗಳಲ್ಲಿ ಹದಿನೈದು ದಿನ ಊರೂರು ಸುತ್ತುವ ಕೆಲಸ. ಇವಳಿಗೂ ಕೆಲಸವಿದೆ, ಮೆಟ್ರೋ ಇಳಿದು ಮೈಸೂರು ರಸ್ತೆಯಿಂದ ಒಳಗೆ ಮನೆ ಸೇರುವಾಗ ಎಷ್ಟೋ ದಿನ ರಾತ್ರಿ ಎಂಟೂವರೆ. ಎರಡು ಮಕ್ಕಳು, ಅಕ್ಕಪಕ್ಕ ಒಂದೆರಡು ಖಾಲಿ ಸೈಟು. ಒಂದು ದಿನ ಯಾರೋ ಬೈಕಿನವನು ಗೇಟಿನವರೆಗೂ ಹಿಂಬಾಲಿಸಿಕೊಂಡು ಬಂದನಂತೆ. ಅದನ್ನು ಕೇಳಿ ನಮ್ಮ ಅಳಿಯಂದಿರು ತೀರ್ಮಾನ ಮಾಡಿಬಿಟ್ಟರು: "ಲೈಸೆನ್ಸ್ ಮಾಡಿಸಿ ಒಂದು ರಿವಾಲ್ವರ್ ಇಟ್ಟುಬಿಡೋಣ. ನಾನು ಊರಲ್ಲಿಲ್ಲದಾಗ ನಿಶ್ಚಿಂತೆ."

ನನ್ನನ್ನೇ ಕೇಳಲು ಕಾರಣವಿದೆ. ನನ್ನ ತವರು ತೀರ್ಥಹಳ್ಳಿ ಕಡೆ. ಹಂದಿ, ಮಂಗಗಳ ಕಾಟಕ್ಕೆಂದು ಅಪ್ಪಯ್ಯನ ಹತ್ತಿರ ಬೆಳೆ ರಕ್ಷಣೆಯ ಲೈಸೆನ್ಸಿನ ಒಂಟಿ ನಳಿಗೆಯ ಕೋವಿ ಇತ್ತು. ಕೋವಿ ಒಂದು ಕಡೆ, ತೋಟಾ ಇನ್ನೊಂದು ಕಡೆ, ಎರಡಕ್ಕೂ ಬೇರೆ ಬೇರೆ ಬೀಗ. ಚುನಾವಣೆ ಬಂತೆಂದರೆ ಕೋವಿ ಪೊಲೀಸ್ ಠಾಣೆಗೆ ಹೋಗಿ ಕೂರುತ್ತಿತ್ತು. ಹಾಗಾಗಿ ಕೋವಿ ಕಂಡರೆ ಕಿಟಾರನೆ ಕಿರುಚುವವಳು ನಾನಲ್ಲ. ಆ ಕೋವಿ ಹೆದರಿಸುತ್ತಿದ್ದುದು ತೋಟಕ್ಕೆ ನುಗ್ಗುವ ಪ್ರಾಣಿಗಳನ್ನು. ಅದರಿಂದ ಅಮ್ಮನ ಧೈರ್ಯ ಒಂದು ಗುಲಗಂಜಿಯಷ್ಟೂ ಹೆಚ್ಚಾಗಿದ್ದನ್ನು ನಾನು ಕಾಣೆ.

ಇರಲಿ, ಕೇಳಿದವಳಿಗೆ ಉತ್ತರ ಹೇಳಬೇಕಲ್ಲ. ಹೆಂಗಸರಿಗೆಂದೇ ಮಾಡಿದ ರಿವಾಲ್ವರ್ ಒಂದುಂಟು. 2012ರ ಡಿಸೆಂಬರ್ 16ರಂದು ದೆಹಲಿಯ ಬಸ್ಸಿನಲ್ಲಿ ನಡೆದ ಘೋರ ಕೃತ್ಯದ ನಂತರ, 2014ರ ಜನವರಿಯಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ ಅದನ್ನು ಹೊರತಂದಿತು. ಹೆಸರು 'ನಿರ್ಭೀಕ್'. ಪಾಯಿಂಟ್ 32 ಅಳತೆ, ಆರು ಗುಂಡು, ಟೈಟೇನಿಯಂ ಮಿಶ್ರಲೋಹ, ತೂಕ ಅರ್ಧ ಕಿಲೋ. ಬೆಲೆ ಆಗಲೇ 1,22,360 ರೂಪಾಯಿ. ಅಂದಿನ ಲೆಕ್ಕದಲ್ಲಿ ಹೆಚ್ಚುಕಡಿಮೆ ನಲವತ್ತು ಗ್ರಾಂ ಚಿನ್ನದ ದುಡ್ಡು. ಅದನ್ನು ಮಾರುತ್ತಿದ್ದುದು ಯಾವುದರಲ್ಲಿ ಇಟ್ಟು, ಗೊತ್ತೇ? ಮೆರೂನ್ ಬಣ್ಣದ ಒಡವೆ ಪೆಟ್ಟಿಗೆಯಲ್ಲಿ! ಬಸ್ಸಿನಲ್ಲಿ ಓಡಾಡುವ ಹುಡುಗಿಗೆ ಆದ ಅನ್ಯಾಯಕ್ಕೆ ಪರಿಹಾರವೆಂದು ಬಂದ ವಸ್ತುವನ್ನು ಬಸ್ಸಿನಲ್ಲಿ ಓಡಾಡುವ ಯಾವ ಹುಡುಗಿ ಕೊಳ್ಳಬಲ್ಲಳು, ನೀವೇ ಹೇಳಿ. ಹೂ ಮಾರುವವಳು, ಗಾರ್ಮೆಂಟ್ಸ್ ಕೆಲಸ ಮುಗಿಸಿ ಕತ್ತಲಲ್ಲಿ ನಡೆದು ಹೋಗುವವಳು, ನಾಲ್ಕು ಮನೆಯ ಪಾತ್ರೆ ತಿಕ್ಕುವವಳು ಇವರೆಲ್ಲ ಆ ಪೆಟ್ಟಿಗೆಯನ್ನು ಕಣ್ಣಿಂದ ನೋಡಿಯೂ ಇರಲಾರರು. ದುಡ್ಡಿದ್ದವಳಿಗೆ ಮಾತ್ರ ಮಾನ ಪ್ರಾಣ ಎಂದ ಹಾಗಾಯಿತು.

ಇನ್ನು ಲೈಸೆನ್ಸಿನ ವಿಷಯ. 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಇಪ್ಪತ್ತೊಂದು ತುಂಬಿದವರು ಅರ್ಜಿ ಹಾಕಬಹುದು. ಬೆಂಗಳೂರು ನಗರದಲ್ಲಿ ಅದನ್ನು ಕೊಡುವವರು ಪೊಲೀಸ್ ಕಮಿಷನರು. ಠಾಣೆಯ ವರದಿ ಬೇಕು. 2016ರ ನಿಯಮಗಳ ಮೇಲೆ ಶಸ್ತ್ರ ಸುರಕ್ಷತೆಯ ತರಬೇತಿಯೂ ಆಗಬೇಕು. 2019ರ ತಿದ್ದುಪಡಿಯಿಂದ ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಬಂದೂಕು ಇಲ್ಲ. ಇದೆಲ್ಲ ಇರಬೇಕಾದ್ದೇ. ನಾನು ಹುಡುಗಿಯನ್ನು ಕೇಳಿದ್ದು ಒಂದೇ ಪ್ರಶ್ನೆ: "ಲೈಸೆನ್ಸ್ ಯಾರ ಹೆಸರಿಗೆ ಕಣೇ?"

"ಇವರ ಹೆಸರಿಗೇ ಚಿಕ್ಕಮ್ಮ. ಕಾಗದಪತ್ರ ಎಲ್ಲ ಇವರದ್ದೇ ಸುಲಭ ಅಂತೆ."

ನೋಡಿ, ಸ್ವಾರಸ್ಯ ಇಲ್ಲಿದೆ. ಲೈಸೆನ್ಸ್ ಯಾರ ಹೆಸರಿಗೋ ಆಯುಧ ಅವರದ್ದು. ಗಂಡನ ಹೆಸರಿನ ರಿವಾಲ್ವರನ್ನು ಹೆಂಡತಿ ತನ್ನದೆಂದು ಚೀಲದಲ್ಲಿಟ್ಟು ತಿರುಗುವ ಹಾಗಿಲ್ಲ. ಹಾಗೆ ಮಾಡಿದರೆ ಅವಳೇ ಅಪರಾಧಿ. ಅವಳ ರಕ್ಷಣೆಗೆಂದು ತಂದ ವಸ್ತುವನ್ನು ಮುಟ್ಟುವ ಹಕ್ಕು ಅವಳಿಗೇ ಇಲ್ಲ! ಮನೆ ಪತ್ರ, ಬ್ಯಾಂಕಿನ ಖಾತೆ, ಗ್ಯಾಸಿನ ಪುಸ್ತಕ ಎಲ್ಲ ಅವರ ಹೆಸರಿಗೆ ಇರುವ ಸಾಲಿನಲ್ಲಿ ಇದೂ ಒಂದು ಸೇರಿಕೊಳ್ಳುತ್ತದೆ, ಅಷ್ಟೆ.

ಆಗಲಿ, ಅವಳ ಹೆಸರಿಗೇ ಮಾಡಿಸಿದರು ಎನ್ನಿ. ಆಗ? ರಾಜರಾಜೇಶ್ವರಿನಗರದಲ್ಲಿ ಕುಳಿತು ಈ ಮಾತನಾಡುವಾಗ ಗೌರಿ ಲಂಕೇಶ್ ಅವರನ್ನು ನೆನೆಯದೆ ಇರಲಾಗದು. 2017ರ ಸೆಪ್ಟೆಂಬರ್ 5, ರಾತ್ರಿ ಎಂಟರ ಸುಮಾರು. ಪತ್ರಿಕೆಯ ಕೆಲಸ ಮುಗಿಸಿ ಇದೇ ಬಡಾವಣೆಯ ಐಡಿಯಲ್ ಹೋಮ್ಸ್‌ನ ತಮ್ಮ ಮನೆಗೆ ಬಂದರು. ಕಾರಿನಿಂದಿಳಿದು ಮನೆಯೊಳಗೆ ಹೋಗುವಷ್ಟರಲ್ಲಿ ಹೆಲ್ಮೆಟ್ ಹಾಕಿದ್ದ ಒಬ್ಬ ನಾಡಪಿಸ್ತೂಲಿನಿಂದ ಗುಂಡು ಹಾರಿಸಿದ. ಐವತ್ತೈದು ವರ್ಷದ, ಒಂಟಿಯಾಗಿ ಬದುಕುತ್ತಿದ್ದ ಹೆಂಗಸು ತನ್ನದೇ ಬಾಗಿಲಲ್ಲಿ ಸತ್ತು ಬಿದ್ದರು. ಎರಡು ವರ್ಷ ಹಿಂದೆ, 2015ರ ಆಗಸ್ಟ್ 30ರ ಬೆಳಿಗ್ಗೆ, ಧಾರವಾಡದಲ್ಲಿ ಎಂ. ಎಂ. ಕಲಬುರ್ಗಿಯವರನ್ನು ಕೊಂದದ್ದೂ ಮನೆಯ ಬಾಗಿಲಿಗೇ ಬಂದು. ಎರಡಕ್ಕೂ ಬಳಸಿದ್ದು ಒಂದೇ ಪಿಸ್ತೂಲು, 7.65 ಮಿಲಿಮೀಟರಿನದು ಎಂದು ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಹೇಳಿತು. ಅದಕ್ಕೆ ಲೈಸೆನ್ಸ್ ಇರಲಿಲ್ಲ, ತರಬೇತಿಯ ಸರ್ಟಿಫಿಕೇಟೂ ಇರಲಿಲ್ಲ.

ಆ ದಿನಗಳಲ್ಲಿ "ಅವರ ಹತ್ತಿರ ಒಂದು ಗನ್ ಇದ್ದಿದ್ದರೆ..." ಎಂದವರನ್ನು ನಾನು ಬಸ್ಸಿನಲ್ಲಿ, ಮದುವೆ ಮನೆಯಲ್ಲಿ ಕೇಳಿದ್ದೇನೆ. ಇದ್ದಿದ್ದರೆ ಏನಾಗುತ್ತಿತ್ತು? ಕೈಚೀಲದ ತಳದಲ್ಲಿ, ಬೀಗದ ಕೈ, ಕನ್ನಡಕ, ಮಾತ್ರೆಯ ಚೀಟಿಗಳ ಅಡಿಯಲ್ಲಿ ಇರುತ್ತಿತ್ತು. ಹೊಂಚು ಹಾಕಿ ಬಂದವನು ನಮಗೆ ಚೀಲದ ಜಿಪ್ಪು ಎಳೆಯುವಷ್ಟು ಸಮಯ ಕೊಡುವುದಿಲ್ಲ. ಪ್ರಧಾನಿ ಇಂದಿರಾ ಗಾಂಧಿಯವರ ಮನೆಯಲ್ಲಿ ಬಂದೂಕುಗಳಿಗೇನು ಕೊರತೆಯಿತ್ತೇ? 1984ರ ಅಕ್ಟೋಬರ್ 31ರಂದು ಅವರ ಮೇಲೆ ಗುಂಡು ಹಾರಿಸಿದ್ದು ಅವರನ್ನು ಕಾಯಲೆಂದು ನಿಂತವರೇ.

ಈ ಕಡೆಯ ಮಾತೇ ನನ್ನ ಮುಖ್ಯವಾದ ಮಾತು. ನಮಗೆ ಅಪಾಯ ಬರುವುದು ಯಾವ ದಿಕ್ಕಿನಿಂದ? ಬೈಕಿನ ಅಪರಿಚಿತ ಇಲ್ಲವೆಂದಲ್ಲ. ಆದರೆ ಅತ್ಯಾಚಾರದ ಪ್ರಕರಣಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಆರೋಪಿಗಳು ಹೆಣ್ಣಿಗೆ ಗೊತ್ತಿದ್ದವರೇ ಎಂದು ಅಪರಾಧ ದಾಖಲೆಗಳ ರಾಷ್ಟ್ರೀಯ ಬ್ಯೂರೋ ವರ್ಷ ವರ್ಷವೂ ಪ್ರಕಟಿಸಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ಕರ್ನಾಟಕದ ಲೆಕ್ಕ ನೋಡಿ: 18ರಿಂದ 49 ವಯಸ್ಸಿನ, ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44 ಜನ ಗಂಡನ ಕೈಯಲ್ಲಿ ಹಿಂಸೆ ಅನುಭವಿಸಿದವರು. ಹೊಡೆಯುವ ಕೈ ಮನೆಯೊಳಗೇ ಇರುವಾಗ, ಬೀರುವಿನ ಬೀಗದ ಕೈಯೂ ಅದೇ ಕೈಯಲ್ಲಿರುವಾಗ ಆ ಆಯುಧ ಯಾರದಾಗುತ್ತದೆ? ಇಂದು ಸೌಟು ಎಸೆದವನು, ತಟ್ಟೆ ಎತ್ತಿ ಹಾಕಿದವನು, ನಾಳೆ ಏನನ್ನು ಎತ್ತಿಕೊಳ್ಳುತ್ತಾನೆ? ಎತ್ತಿಕೊಳ್ಳುವುದೂ ಬೇಕಿಲ್ಲ. "ಬೀರುವಲ್ಲಿ ಏನಿದೆ ಗೊತ್ತಲ್ಲ?" ಎಂದು ಒಂದು ಮಾತು ಆಡಿದರೆ ಸಾಕು, ಆ ಹೆಂಗಸಿನ ಬಾಯಿ ಜನ್ಮಪೂರ್ತಿ ಮುಚ್ಚಿತು.

ಇದು ನನ್ನ ಕಲ್ಪನೆಯಲ್ಲ. ಮನೆಮನೆಯಲ್ಲಿ ಬಂದೂಕು ಇರುವ ಅಮೆರಿಕದವರೇ ಲೆಕ್ಕ ಹಾಕಿದ್ದಾರೆ. ಹೆಂಡತಿಯನ್ನು ಹಿಂಸಿಸುವ ಗಂಡನ ಕೈಗೆ ಬಂದೂಕು ಸಿಗುವಂತಿದ್ದರೆ ಅವಳು ಕೊಲೆಯಾಗುವ ಸಂಭವ ಐದು ಪಟ್ಟು ಹೆಚ್ಚು ಎಂದು 2003ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಕ್ಯಾಲಿಫೋರ್ನಿಯಾದ ಲಕ್ಷಾಂತರ ಜನರ ದಾಖಲೆ ತೆಗೆದು 2022ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದ ಪ್ರಕಾರ, ಕೈಬಂದೂಕಿನ ಒಡೆಯನ ಜೊತೆ ಒಂದೇ ಮನೆಯಲ್ಲಿ ಇರುವವರು ಸಂಗಾತಿಯ ಗುಂಡಿಗೇ ಬಲಿಯಾಗುವ ಸಂಭವ ಏಳು ಪಟ್ಟಿಗೂ ಹೆಚ್ಚು. ಹಾಗೆ ಸತ್ತವರಲ್ಲಿ ನೂರಕ್ಕೆ 84 ಜನ ಹೆಂಗಸರು. ಮನೆ ಕಾಯಲೆಂದು ತಂದದ್ದು ಮನೆಯವರನ್ನೇ ತಿನ್ನುವುದೆಂದರೆ ಇದೇ.

ಇನ್ನೊಂದು ಮಾತನ್ನು ಮೆಲ್ಲಗೆ ಹೇಳುತ್ತೇನೆ. ನಮ್ಮ ದೇಶದಲ್ಲಿ 2021ರ ಒಂದೇ ವರ್ಷದಲ್ಲಿ 23,178 ಗೃಹಿಣಿಯರು ತಾವೇ ಪ್ರಾಣ ಕಳೆದುಕೊಂಡರು. ಅಂಥ ಕೆಟ್ಟ ಘಳಿಗೆ ಎಷ್ಟೋ ಸಲ ಬಂದಷ್ಟೇ ಬೇಗ ಹೋಗುತ್ತದೆ. ಮಗು ಅತ್ತಿತು, ಯಾರೋ ಬಾಗಿಲು ತಟ್ಟಿದರು, ತಂಗಿ ಫೋನು ಮಾಡಿದಳು, ಘಳಿಗೆ ಕಳೆಯಿತು. ಬಂದೂಕು ಆ ಅವಕಾಶವನ್ನು ಕೊಡುವುದಿಲ್ಲ. ಮನಸ್ಸು ನೊಂದ ಜೀವವಿರುವ ಮನೆಗೆ ಅದನ್ನು ತರುವವರು ಎರಡು ಸಲ ಯೋಚಿಸಬೇಕು.

"ಹಾಗಾದರೆ ಕೊಡಗಿನವರು?" ಎಂದು ಅಳಿಯಂದಿರು ಕೇಳಿದರು. ಸರಿಯಾದ ಪ್ರಶ್ನೆಯೇ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿಯಿದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ನಮ್ಮ ಹೈಕೋರ್ಟೂ ಎತ್ತಿ ಹಿಡಿಯಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜೆ ಮಾಡುತ್ತಾರೆ, ತೆಂಗಿನಕಾಯಿಗೆ ಗುರಿ ಹೊಡೆಯುವ ಪಂದ್ಯದಲ್ಲಿ ಹೆಂಗಸರೂ ನಿಲ್ಲುತ್ತಾರೆ. ಅಲ್ಲಿ ಕೋವಿ ಒಕ್ಕದ್ದು, ಹತ್ತು ಜನರ ಕಣ್ಣೆದುರಿನದು. ಚಿಕ್ಕಂದಿನಿಂದ ಅದರ ಮರ್ಯಾದೆ ಕಲಿತಿರುತ್ತಾರೆ. ನಮ್ಮ ಬಡಾವಣೆಯ ಅಂಗಡಿಯಿಂದ ಕೊಂಡು ತಂದು, ಹಾಸಿಗೆಯ ಪಕ್ಕ ಗುಟ್ಟಾಗಿಡುವ ರಿವಾಲ್ವರಿಗೆ ಆ ಹಿರಿಯರ ಕಣ್ಣೂ ಇಲ್ಲ, ಆ ಕಲಿಕೆಯೂ ಇಲ್ಲ.

"ಅಂದರೆ ಹೆಂಗಸರು ಕೈಕಟ್ಟಿ ಕೂರಬೇಕೆ?" ಖಂಡಿತ ಬೇಡ. ಆತ್ಮರಕ್ಷಣೆಯ ಹಕ್ಕು ಕಾನೂನಿನಲ್ಲಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಇದೆ. ಅತ್ಯಾಚಾರಕ್ಕೋ ಆಸಿಡ್ ಎರಚಲಿಕ್ಕೋ ಬಂದವನನ್ನು ತಡೆಯುವಾಗ ಅವನ ಪ್ರಾಣವೇ ಹೋದರೂ ಅದು ಅಪರಾಧವಲ್ಲ. ಆ ಹಕ್ಕನ್ನು ನಾನು ಬಿಟ್ಟುಕೊಡುತ್ತಿಲ್ಲ. ನಾನು ಜಗಳವಾಡುವುದು, ಬೀದಿಯನ್ನು ಕಾಯಬೇಕಾದವರು ಆ ಕೆಲಸವನ್ನು ಅರ್ಧ ಕಿಲೋ ಲೋಹ ಮಾಡಿ ನಮ್ಮ ಕೈಚೀಲಕ್ಕೆ ಹಾಕಿ ಕೈತೊಳೆದುಕೊಳ್ಳುವುದಕ್ಕೆ. ಹೆಣ್ಣಿನ ಸುರಕ್ಷತೆಗೆಂದು 2013ರ ಕೇಂದ್ರ ಬಜೆಟ್ಟಿನಲ್ಲೇ ಸಾವಿರ ಕೋಟಿಯ ನಿರ್ಭಯಾ ನಿಧಿ ತೆಗೆದಿಟ್ಟರಲ್ಲ, ಅದು ನಮ್ಮ ತೆರಿಗೆಯ ದುಡ್ಡು. ನಮ್ಮ ರಸ್ತೆಯಲ್ಲಿ ಅದರ ಬೆಳಕು ಎಲ್ಲಿ ಎಂದು ಕೇಳುವುದು ನಮ್ಮ ಹಕ್ಕು.

ಹುಡುಗಿ ಅದನ್ನೇ ಮಾಡಿದಳು. ಆ ರಸ್ತೆಯ ಹದಿನಾಲ್ಕು ಮನೆಯ ಹೆಂಗಸರ ಸಹಿ ಹಾಕಿಸಿ, ಕೆಟ್ಟ ಮೂರು ಬೀದಿದೀಪಗಳ ಕಂಬದ ಸಂಖ್ಯೆ ಬರೆದು ಅರ್ಜಿ ಕೊಟ್ಟಳು. ಮೂರನೆಯ ಸಲ ಹೋದ ಮೇಲೆ ಎರಡು ಹತ್ತಿಕೊಂಡವು. ಇನ್ನೊಂದಕ್ಕೆ ಮತ್ತೆ ಹೋಗುತ್ತಿದ್ದಾಳೆ. ಗೇಟಿಗೆ ದೀಪ ಹಾಕಿಸಿದಳು. ಎದುರು ಮನೆಯ ರಿಟೈರ್ಡ್ ಮೇಷ್ಟರ ಹೆಂಡತಿಗೆ ತಾನು ಬರುವ ಹೊತ್ತು ಹೇಳಿದ್ದಾಳೆ. ಆಕೆ ಆ ಹೊತ್ತಿಗೆ ಬಾಗಿಲಿಗೆ ಬಂದು ನಿಲ್ಲುತ್ತಾರೆ. 112, 181 ಎರಡು ನಂಬರುಗಳನ್ನು ಮಕ್ಕಳಿಗೂ ಬಾಯಿಪಾಠ ಮಾಡಿಸಿದ್ದಾಳೆ. ಹಿಂಬಾಲಿಸಿದ ಬೈಕಿನ ನಂಬರನ್ನು ಬರೆದುಕೊಟ್ಟು ದೂರು ದಾಖಲಿಸಿದ್ದಾಳೆ. ಹೆಣ್ಣನ್ನು ಹಿಂಬಾಲಿಸುವುದು 2013ರಿಂದಲೇ ಅಪರಾಧ ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಈಗ ಗಂಡಂದಿರಿಗೆ, ಅಪ್ಪಂದಿರಿಗೆ, ಅಣ್ಣತಮ್ಮಂದಿರಿಗೆ ಒಂದು ಮಾತು. ನಿಮ್ಮ ಮನೆಯ ಹೆಣ್ಣುಮಗಳ ರಕ್ಷಣೆಗೆ ಒಂದೂಕಾಲು ಲಕ್ಷ ಖರ್ಚು ಮಾಡಲು ತಯಾರಿದ್ದೀರಿ, ಬಹಳ ಸಂತೋಷ. ಆ ದುಡ್ಡನ್ನು ಬ್ಯಾಂಕಿನಲ್ಲಿ ಅವಳೊಬ್ಬಳ ಹೆಸರಿಗೆ ಇಡಿ. ಮನೆ ಪತ್ರದಲ್ಲಿ ಅವಳ ಹೆಸರನ್ನೂ ಸೇರಿಸಿ. 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆ ಅವಳಿಗೆ ತಾನಿರುವ ಮನೆಯಲ್ಲಿ ಇರುವ ಹಕ್ಕು ಕೊಟ್ಟಿದೆ ಎಂದು ಅವಳಿಗೆ ನೀವೇ ಓದಿ ಹೇಳಿ. ಕಷ್ಟ ಬಂದ ರಾತ್ರಿ ಮಕ್ಕಳ ಕೈ ಹಿಡಿದು ಆಟೋ ಹತ್ತುವ ಹೆಂಗಸಿಗೆ ಬೇಕಾದದ್ದು ಆಟೋದವನಿಗೆ ಕೊಡುವ ದುಡ್ಡು, ತೆರೆದಿರುವ ಒಂದು ತವರಿನ ಬಾಗಿಲು. ಇವೆರಡನ್ನೂ ಕೊಟ್ಟು ನೋಡಿ. ಆಮೇಲೂ ಅವಳೇ ರಿವಾಲ್ವರ್ ಬೇಕೆಂದು ಕೇಳಿದರೆ ಆಗ ಅಂಗಡಿಗೆ ಹೋಗುವ ಮಾತಾಡೋಣ.