ಶೈಕ್ಷಣಿಕ ಪ್ರವಾಸವೂ ಕನ್ನಡದ ಕಿವಿಯೂ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಮಿತಿಯವರು ಒತ್ತಾಯಿಸಿದಾಗ ಹಳೆಯ ನೆನಪುಗಳನ್ನೇ ಬರೆಯುವುದೆಂದು ಎಣಿಸಿದ್ದೆ. ಆದರೆ ಈಚೆಗೆ ಕಾಸರಗೋಡಿನ ಒಂದು ಮದುವೆಯ ಚಪ್ಪರದಲ್ಲಿ, “ಕನ್ನಡ ಮಾಧ್ಯಮದಲ್ಲಿ ಕಲಿತ ಮಕ್ಕಳಿಗೆ ಹೊರಗಿನ ಪ್ರಪಂಚ ತೆರೆಯುವುದಿಲ್ಲ ಮಾಷ್ಟ್ರೇ” ಎಂಬ ಮಾತನ್ನು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರ ಬಾಯಿಂದಲೇ ಕೇಳಬೇಕಾಯಿತು. ಅಂದು ಊಟದ ಗಡಿಬಿಡಿಯಲ್ಲಿ ಹೇಳಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಮೊಮ್ಮಗಳು ಏಳನೆಯ ತರಗತಿಯವರೆಗೆ ಇದೇ ಶಾಲೆಯ ಬೆಂಚುಗಳ ಮೇಲೆ ಕುಳಿತು ಕಲಿತವಳು. ಈಗ ವಾಸ್ತುಶಿಲ್ಪದ ವಿದ್ಯಾರ್ಥಿನಿ. 2024ರ ಡಿಸೆಂಬರಿನಲ್ಲಿ ಸಹಪಾಠಿಗಳೊಡನೆ ಥಾಯ್ಲೆಂಡಿಗೆ ಹೋಗಿ, ಬ್ಯಾಂಕಾಕಿನ ಬೌದ್ಧ ದೇವಾಲಯಗಳಲ್ಲಿಯೂ ಪೇಟೆಯಲ್ಲಿಯೂ ಒಂದು ದಿನವನ್ನು ಕಳೆದು ಬಂದಳು.

ಬೆಳಿಗ್ಗೆ ಅವರು ನೋಡಿದ್ದು ವಾಟ್ ಪೋ. ಅಲ್ಲಿ ಪವಡಿಸಿದ ಬುದ್ಧನ ಉದ್ದ 46 ಮೀಟರ್. ಪಾದತಲಗಳಲ್ಲಿ ಮುತ್ತಿನ ಚಿಪ್ಪಿನಿಂದ ಕೆತ್ತಿ ಕೂರಿಸಿದ 108 ಮಂಗಲ ಚಿಹ್ನೆಗಳು. ಗುಂಪಿನ ಬಹುಮಂದಿ ಅದರ ಮುಂದೆ ನಿಂತು ಛಾಯಾಚಿತ್ರ ತೆಗೆಸಿಕೊಂಡು ಹೊರಟರಂತೆ. ಇವಳನ್ನು ನಿಲ್ಲಿಸಿದ್ದು ಗೋಡೆಗಳಲ್ಲಿದ್ದ ಅಮೃತಶಿಲೆಯ ಫಲಕಗಳು. ಹತ್ತೊಂಬತ್ತನೆಯ ಶತಮಾನದಲ್ಲಿ ಮೂರನೆಯ ರಾಮ ಎಂಬ ಅರಸನು ವೈದ್ಯ, ಸಾಹಿತ್ಯ, ಧರ್ಮ ಮೊದಲಾದ ವಿದ್ಯೆಗಳನ್ನು ಸಾವಿರಕ್ಕೂ ಮಿಕ್ಕಿದ ಶಾಸನಗಳಲ್ಲಿ ಬರೆಯಿಸಿ, ಯಾರು ಬೇಕಾದರೂ ಬಂದು ಓದಿಕೊಳ್ಳುವಂತೆ ಇರಿಸಿದನು. 2011ರಲ್ಲಿ ಯುನೆಸ್ಕೋ ಇವನ್ನು ವಿಶ್ವ ಸ್ಮೃತಿಯ ಪಟ್ಟಿಗೆ ಸೇರಿಸಿತು. ಸೀಮೆಸುಣ್ಣಕ್ಕೂ ಅರ್ಜಿ ಬರೆಯಬೇಕಾಗಿದ್ದ ನನಗೆ ಆ ಅರಸನ ಮೇಲೆ ಸ್ವಲ್ಪ ಅಸೂಯೆಯೇ ಆಯಿತು!

ಮಾರ್ಗದರ್ಶಿಯು ಥಾಯ್ ಅಕ್ಷರಗಳನ್ನು ಓದಿ ಹೇಳತೊಡಗಿದಾಗ ಇವಳ ಕಿವಿ ನೆಟ್ಟಗಾಯಿತು. ಕ ವರ್ಗ, ಚ ವರ್ಗ, ಟ ವರ್ಗ ಎಂಬ ಅದೇ ಕ್ರಮ! ಉಚ್ಚಾರಣೆ ಬದಲಾಗಿದ್ದರೂ ಸಾಲು ಬದಲಾಗಿಲ್ಲ. ದಕ್ಷಿಣ ಭಾರತದ ಪಲ್ಲವ ಲಿಪಿಯಿಂದ ಖ್ಮೇರ್ ಲಿಪಿಯೂ ಅದರಿಂದ ಥಾಯ್ ಲಿಪಿಯೂ ಬೆಳೆದುದರಿಂದ ಅದು ನಮ್ಮ ಲಿಪಿಗೆ ದೂರದ ದಾಯಾದಿ. ಇದನ್ನು ಗುರುತಿಸಿದವರು ಆ ಗುಂಪಿನಲ್ಲಿ ಇಬ್ಬರೇ. ಇವಳು, ಮತ್ತು ಮಲಯಾಳ ಮಾಧ್ಯಮದಲ್ಲಿ ಕಲಿತ ಇವಳ ಗೆಳತಿ.

ಮಧ್ಯಾಹ್ನ ದೋಣಿಯಲ್ಲಿ ಚಾವೊ ಪ್ರಾಯ ನದಿ ದಾಟಿ ವಾಟ್ ಅರುಣ್. ಆ ಹೆಸರು ನಮ್ಮ ಅರುಣನದೇ. ಚೀನೀ ಪಿಂಗಾಣಿಯ ಚೂರುಗಳಿಂದ ಅಲಂಕರಿಸಿದ ಗೋಪುರದಲ್ಲಿ ಐರಾವತವನ್ನೇರಿದ ಇಂದ್ರನಿದ್ದಾನೆ. ಬಯಲಾಟ ನೋಡಿ ಬೆಳೆದವಳಿಗೆ ಅವನನ್ನು ಯಾರೂ ಪರಿಚಯಿಸಬೇಕಾಗಲಿಲ್ಲ.

ಸಂಜೆ ಪಾಕ್ ಖ್ಲೋಂಗ್ ತಲಾತ್ ಎಂಬ ಹೂವಿನ ಪೇಟೆಗೆ ಹೋದರು. ರಾಶಿ ರಾಶಿ ಚೆಂಡುಹೂ, ತಾವರೆಯ ಮೊಗ್ಗು, ಮಲ್ಲಿಗೆಯ ಹಾರ. ಹೂವಿನ ಹೆಸರು ಕೇಳಿದರೆ “ಮಲಿ”, ಹಾರವೆಂದರೆ “ಮಾಲೈ”. ಗೆಳತಿ “ನಮ್ಮಲ್ಲಿ ಇದು ಮುಲ್ಲ” ಎಂದಳಂತೆ. ಇವಳು “ನಮ್ಮಲ್ಲಿ ಮಲ್ಲಿಗೆ” ಎಂದಳು. ಕೊಂಡದ್ದನ್ನು ಮುಡಿಯಹೊರಟಾಗ ಮಾರುವ ಹೆಂಗಸು ನಕ್ಕು, ಕೈಮುಗಿದು, ಬುದ್ಧನಿಗೆ ಅರ್ಪಿಸಬೇಕೆಂದು ತೋರಿಸಿದಳು.

ಇಂಗ್ಲಿಷ್ ಬೇಡವೆಂದು ನಾನು ಹೇಳುತ್ತಿಲ್ಲ. ಮಾರ್ಗದರ್ಶಿ ಮಾತಾಡಿದ್ದು ಇಂಗ್ಲಿಷಿನಲ್ಲಿಯೇ. ಆದರೆ ಅವನು ಹೇಳದೆ ಬಿಟ್ಟದ್ದನ್ನು ಇವಳಿಗೆ ಕೇಳಿಸಿದ್ದು ಒಂದನೆಯ ತರಗತಿಯಲ್ಲಿ ರಾಗವಾಗಿ ಒಪ್ಪಿಸಿದ ವರ್ಣಮಾಲೆ. ಲೋಕ ತೆರೆಯುವುದಿಲ್ಲ ಎಂದ ಮಹನೀಯರು ಇದನ್ನು ದಯವಿಟ್ಟು ಗಮನಿಸಬೇಕು.

ಆದರೆ ನನ್ನದೂ ಒಂದು ತಪ್ಪಿದೆ. ಹಿಂದೆ ಪ್ರತಿವರ್ಷವೂ ನಾವು ಮಕ್ಕಳನ್ನು ಮಂಗಳೂರಿನ ಕದ್ರಿಗೆ ಕರೆದೊಯ್ಯುತ್ತಿದ್ದೆವು. ಅಲ್ಲಿ ಮೂರು ಮುಖ, ಆರು ಕೈಗಳ ಲೋಕೇಶ್ವರನ ಕಂಚಿನ ವಿಗ್ರಹವಿದೆ. ಕ್ರಿ.ಶ. 968ರಲ್ಲಿ ಆಳುಪ ದೊರೆ ಕುಂದವರ್ಮನು ಪ್ರತಿಷ್ಠಾಪಿಸಿದ ಅದು ಬೌದ್ಧರ ಅವಲೋಕಿತೇಶ್ವರನೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ಒಮ್ಮೆ ಆರನೆಯ ತರಗತಿಯ ಹುಡುಗನೊಬ್ಬ, “ಇದು ಯಾವ ದೇವರು ಸಾರ್?” ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ. “ಬ್ರಹ್ಮನಿರಬೇಕು, ಸಾಲು ತಪ್ಪಿಸಬೇಡ” ಎಂದು ಗದರಿ ಬಸ್ಸು ಹತ್ತಿಸಿದೆ. ಮೊಮ್ಮಗಳು ಬ್ಯಾಂಕಾಕಿನಿಂದ ಬಂದು, “ಅಜ್ಜ, ನಮ್ಮ ಕಡೆ ಬೌದ್ಧರ ಗುರುತು ಏನೂ ಇಲ್ಲವೇ?” ಎಂದಾಗ ಆ ಹುಡುಗನ ಮುಖ ನೆನಪಾಯಿತು.

ಮಹೋತ್ಸವ ನಿಧಿಯಲ್ಲಿ ಹಣ ಉಳಿದರೆ, ಈ ವರ್ಷದ ಮಕ್ಕಳನ್ನು ಮತ್ತೆ ಕದ್ರಿಗೆ ಕರೆದೊಯ್ಯಬೇಕೆಂದು ಸಮಿತಿಯಲ್ಲಿ ಅರಿಕೆ. ಅಲ್ಲಿ ಅರ್ಧ ದಿನ ನಿಲ್ಲಬೇಕು, ಪ್ರಶ್ನೆ ಕೇಳಿಸಿಕೊಳ್ಳಬೇಕು. ಸಂಜೆ ಹೂವಿನ ಮಾರುಕಟ್ಟೆಯಲ್ಲಿಯೂ ಒಂದು ಸುತ್ತು ಆಗಲಿ. ಬಸ್ಸಿನ ಬಾಡಿಗೆಯಲ್ಲಿ ಒಂದು ಪಾಲು ನನ್ನ ಪಿಂಚಣಿಯಿಂದ. ಆ ಹುಡುಗ ಈಗ ಐವತ್ತರ ಗಡಿಯಲ್ಲಿರಬಹುದು. ಈ ಸಂಚಿಕೆ ಅವನ ಕೈಸೇರಿದರೆ, ಅವನೂ ನಮ್ಮೊಡನೆ ಬರಲಿ.